ಡಸ್ಟರ್ ಕಳವಿನ ವಿಚಾರಣೆ

ಒಂಬತ್ತನೇ ಪಾಠದ ಶನಿವಾರ, ಮಧ್ಯಾಹ್ನ ಮೂರು ಗಂಟೆ ಎಂಟು ನಿಮಿಷಕ್ಕೆ, ಸಾರ್ವಜನಿಕ ಗ್ರಂಥಾಲಯದ ಮಹಡಿಯಲ್ಲಿರುವ ಮಕ್ಕಳ ಕೋಣೆಯಿಂದ ಕಪ್ಪು ಹಲಗೆ ಒರೆಸುವ ಡಸ್ಟರ್ ಕಾಣೆಯಾಗಿದೆ ಎಂಬ ಸಂಗತಿ ಬೆಳಕಿಗೆ ಬಂತು. ಲೋಕದಲ್ಲಿ ಎಷ್ಟೋ ರಾಜ್ಯಗಳು ಹೋಗಿವೆ, ಕಿರೀಟಗಳು ಕಳೆದಿವೆ. ಅವನ್ನೆಲ್ಲ ಬರೆದಿಡಲು ಜನರಿದ್ದಾರೆ. ಡಸ್ಟರಿಗೆ ಯಾರೂ ಇಲ್ಲದ್ದರಿಂದ ಇಲ್ಲಿ ಕೊಂಚ ವಿವರವಾಗಿಯೇ ಹೇಳಬೇಕಾಗಿದೆ.

ಅದು ಹನ್ನೊಂದು ವರ್ಷದ ಡಸ್ಟರು. ಮರದ ಬೆನ್ನು, ಅದಕ್ಕೆ ಅಂಟಿಸಿದ ಬೂದು ಉಣ್ಣೆಬಟ್ಟೆ. ಅಂಟು ಬಿಟ್ಟು ಬಟ್ಟೆ ಒಂದು ಮೂಲೆಯಲ್ಲಿ ನಾಲಗೆಯ ಹಾಗೆ ಜೋತುಬಿದ್ದು ಬಹಳ ದಿನವಾಗಿತ್ತು. ಅದರಿಂದ ಒರೆಸಿದರೆ ಅಕ್ಷರಗಳು ಹೋಗುತ್ತಿರಲಿಲ್ಲ; ಹಲಗೆಯ ತುಂಬ ಸಮನಾಗಿ ಹಂಚಿಕೆಯಾಗುತ್ತಿದ್ದವು. ಇದ್ದಷ್ಟು ದಿನ ಅದನ್ನು ಬೈಯದವರಿರಲಿಲ್ಲ. ಹೋದಮೇಲೆ ಅದು ತರಗತಿಯ ಆಸ್ತಿಯಾಯಿತು.

"ನಮ್ಮ ಡಸ್ಟರ್ ಹೋಯ್ತು," ಎಂದರು ಟೀಚರು, ಖಾಲಿ ಕೈಯನ್ನು ಎಲ್ಲರಿಗೂ ತೋರಿಸುತ್ತ. ನಿವೃತ್ತರಾಗಿ ಆರು ವರ್ಷವಾದರೂ ಪಾಠ ಮಾಡುವ ಚಟ ಬಿಡಲಾಗದೆ ಶನಿವಾರದ ದೊಡ್ಡವರ ಇಂಗ್ಲಿಷ್ ತರಗತಿಯನ್ನು ಪುಕ್ಕಟೆ ನಡೆಸುತ್ತಿದ್ದವರು ಅವರು. ಮರುಕ್ಷಣವೇ ಅವರ ಮುಖ ಅರಳಿತು. "ಇವತ್ತಿನ ಪಾಠ ಯಾವುದು ಗೊತ್ತಾ? ಅಪರಾಧ, ನ್ಯಾಯಾಲಯ, ಶಿಕ್ಷೆ. ಕೇಸು ತಾನಾಗೇ ನಡ್ಕೊಂಡು ಬಂದಿದೆ!"

ಸರಿಯಾಗಿ ಆ ಮಾತಿಗೆ ಬಾಗಿಲು ತೆರೆದು, ಬೀಗ ರಿಪೇರಿ ಕಸುಬಿನ ಬೀಗದಣ್ಣ ಪಾಠಕ್ಕೆಂದು ಒಳಗೆ ಬಂದ. ಅವನ ಹೆಗಲ ಚೀಲದಲ್ಲಿ, ಎರಡು ಅರಗಳು ಮತ್ತು ಒಂದು ಸ್ಕ್ರೂಡ್ರೈವರಿನ ಮಧ್ಯೆ, ಹಳೇ ಕಾಗದದಲ್ಲಿ ಸುತ್ತಿದ ಡಸ್ಟರ್ ಇತ್ತು.

ಕದ್ದದ್ದಲ್ಲ. ಹೋದ ಶನಿವಾರ ಪಾಠ ಮುಗಿದಮೇಲೆ ಎಂದಿನಂತೆ ಕೋಣೆಗೆ ಬೀಗ ಹಾಕುವಾಗ ಆ ಜೋತುಬಿದ್ದ ನಾಲಗೆ ಅವನ ಕಣ್ಣಿಗೆ ಬಿದ್ದಿತ್ತು. ಸಡಿಲವಾದದ್ದು ಏನನ್ನೇ ಕಂಡರೂ ಅವನ ಕೈ ಸುಮ್ಮನಿರುವುದಿಲ್ಲ. ಮನೆಗೆ ಒಯ್ದು, ಹಳೇ ಬಟ್ಟೆ ಕಿತ್ತು, ಮರವನ್ನು ಉಜ್ಜಿ ನುಣುಪು ಮಾಡಿ, ಅಕ್ಕನ ಹಳೇ ಕೋಟಿನ ಕಾಲರಿನಿಂದ ದಪ್ಪ ಉಣ್ಣೆ ಕತ್ತರಿಸಿ ಮಡಿಸಿ, ಆರು ಹಿತ್ತಾಳೆ ಸ್ಕ್ರೂ ಹಾಕಿ ಬಿಗಿದಿದ್ದ. ಅಕ್ಕ ನೋಡಿ ಕೇಳಿದ್ದಳು:

"ಇದನ್ನ ಯಾರಿಗೆ ಹೇಳಿ ತಂದೆ?"

"ಯಾರಿಗೂ ಇಲ್ಲ. ಎಲ್ಲರಿಗೂ ಆಶ್ಚರ್ಯ ಆಗ್ಲಿ ಅಂತ."

"ನಿನಗೆ ಈ ಆಶ್ಚರ್ಯಗಳೆಲ್ಲ ಆಗಿಬರಲ್ಲ ಕಣೋ," ಎಂದಿದ್ದಳು ಅಕ್ಕ.

ಎಲ್ಲರಿಗಿಂತ ಮುಂಚೆ ಬಂದು ಅದನ್ನು ಹಲಗೆಯ ಕೆಳಗಿನ ಪಟ್ಟಿಯ ಮೇಲೆ ಇಟ್ಟು ಏನೂ ಅರಿಯದವನಂತೆ ಕೂತಿರುವುದು ಅವನ ಯೋಚನೆಯಾಗಿತ್ತು. ಅಷ್ಟರಲ್ಲಿ ಒಬ್ಬ ಗಿರಾಕಿ, ಮನೆಯ ಬಾಗಿಲಿಗೆ ತಾನಾಗೇ ಬೀಗ ಬಿದ್ದು, ಹೊರಗುಳಿದಿದ್ದ. ಮನೆ ಅವನದೇ ಎಂದು ಹೇಳಲು ಪಕ್ಕದ ಮನೆಯವರು ಬರದ ಹೊರತು ಬೀಗದಣ್ಣ ಚೀಲದ ಜಿಪ್ಪನ್ನೇ ಎಳೆಯುವುದಿಲ್ಲ. ಪಕ್ಕದ ಮನೆಯವರು ಸ್ನಾನಕ್ಕೆ ಇಳಿದಿದ್ದರು. ಇಪ್ಪತ್ತು ನಿಮಿಷ ಅಲ್ಲೇ ಹೋಯಿತು.

ಈಗಲೂ ಏನು ಮಹಾ? ಚೀಲಕ್ಕೆ ಕೈ ಹಾಕಿ, ತೆಗೆದು, "ತಗೊಳ್ಳಿ, ರಿಪೇರಿ ಮಾಡಿದ್ದೀನಿ" ಎಂದರೆ ಆಗಿಹೋಗುತ್ತಿತ್ತು. ಬೇರೆ ಯಾರೇ ಆಗಿದ್ದರೂ ಅಷ್ಟೇ ಮಾಡುತ್ತಿದ್ದರು. ಆದರೆ ಬೀಗದಣ್ಣನ ಕಿವಿಗೆ "ಹೋಯ್ತು", "ಕೇಸು" ಎಂಬ ಎರಡು ಮಾತು ಬಿದ್ದಿದ್ದವು. ಆ ಕಾಗದದ ಪೊಟ್ಟಣ ಅವನ ಚೀಲದಲ್ಲಿತ್ತು. ಅವನು ಹದಿನೆಂಟು ತಿಂಗಳು ಜೈಲಿನಲ್ಲಿದ್ದು ಬಂದವನು. ಅಂಥವನಿಗೆ ಚೀಲದೊಳಗಿನ ವಸ್ತು ಬರೀ ವಸ್ತುವಾಗಿ ಉಳಿದಿರುವುದಿಲ್ಲ.

ಜೈಲಿನ ವಿಷಯ ತರಗತಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅಂದರೆ ಯಾರಿಗೂ ಗೊತ್ತಿಲ್ಲವೆಂದು ಅವನು ತಿಳಿದಿದ್ದ. ಸೇರುವಾಗ ಟೀಚರು ಕೊಟ್ಟ ಫಾರಂನಲ್ಲಿ 'ಇದಕ್ಕೆ ಮುಂಚೆ ಇಂಗ್ಲಿಷ್ ಎಲ್ಲಿ ಕಲಿತಿರಿ' ಎಂಬ ಪ್ರಶ್ನೆಯಿತ್ತು. ಸುಳ್ಳು ಬರೆಯಲು ಮನಸ್ಸು ಬಾರದೆ, ನಿಜ ಬರೆಯಲು ಧೈರ್ಯ ಸಾಲದೆ, 'ಉತ್ತರ ರಸ್ತೆ, ನಂಬರ್ ಒಂದು, ಸಂಜೆ ತರಗತಿ' ಎಂದಷ್ಟೇ ಬರೆದು ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಂಡಿದ್ದ. ಟೀಚರು ಅದನ್ನು ಓದಿ, ಪೆನ್ನಿಗೆ ಮುಚ್ಚಳ ಹಾಕಿ, "ಶನಿವಾರ ಬನ್ನಿ" ಎಂದಿದ್ದರು. ಮುಂದಿನ ವಾರ ಕೋಣೆಯ ಎರಡನೇ ಬೀಗದಕೈ ಅವನ ಅಂಗೈಗೆ ಬಂತು. "ನನಗೆ ಮಂಡಿನೋವು. ಕೊನೆಗೆ ಕಿಟಕಿ ಮುಚ್ಚಿ ಬೀಗ ಹಾಕೋ ಕೆಲಸ ನಿಮ್ಮದು ಮಾರಾಯ್ರೇ." ತಾನು ಬೀಗದ ಕಸುಬಿನವನಾದ್ದರಿಂದ ಕೊಟ್ಟರೆಂದು ಅವನು ಅಂದುಕೊಂಡ. ಆದರೂ ಆ ಬೀಗದಕೈಯನ್ನು ಅವನು ಅಂಗಡಿಯ ಗೊಂಚಲಿಗೆ ಸೇರಿಸಿರಲಿಲ್ಲ. ಅಂಗಿಯ ಒಳಜೇಬಿನಲ್ಲಿ ಬೇರೆಯಾಗಿ ಇಟ್ಟುಕೊಂಡಿದ್ದ. ದಿನಕ್ಕೆ ನಲವತ್ತು ಬೀಗದಕೈ ಉಜ್ಜುವವನಿಗೆ ಯಾರಾದರೂ ನಂಬಿ ಕೊಟ್ಟ ಕೈ ಎಂದರೆ ಅದೊಂದೇ. ವಿಷಯ ಹೊರಬಿದ್ದರೆ ಮೊದಲು ಹೋಗುವುದು ಅದು. ಆಮೇಲೆ, ವಾರಕ್ಕೆ ಎರಡು ಗಂಟೆ ಅವನನ್ನು ಅಣ್ಣ ಎನ್ನುವ ಈ ಕೋಣೆ.

ಆದ್ದರಿಂದ ಅವನು ಚೀಲವನ್ನು ಕಾಲಿನ ಮಧ್ಯೆ ಇಟ್ಟುಕೊಂಡು, ಏಳು ವರ್ಷದ ಮಕ್ಕಳಿಗಾಗಿ ಮಾಡಿದ ಹಳದಿ ಕುರ್ಚಿಯಲ್ಲಿ, ಮಂಡಿ ಗದ್ದಕ್ಕೆ ತಾಗುವಂತೆ ಕೂತ.

ಎಲ್ಲರೂ ಹಾಗೆಯೇ ಕೂತಿದ್ದರು. ಮುಂದಿನ ಸಾಲಿನಲ್ಲಿ ಒಬ್ಬ ಅತ್ತೆ, ಪಕ್ಕದಲ್ಲೇ ಅವರ ಸೊಸೆ. ಸೊಸೆ ಇಂಗ್ಲಿಷ್ ಕಲಿತರೆ ತನಗೆ ತಿಳಿಯದ ಭಾಷೆಯಲ್ಲಿ ಎದುರುತ್ತರ ಕೊಟ್ಟಾಳು ಎಂಬ ಮುಂದಾಲೋಚನೆಯಿಂದ ಅತ್ತೆಯೂ ಅವಳು ಸೇರಿದ ದಿನವೇ ಹೆಸರು ಬರೆಸಿದ್ದರು. ಅವರ ಹಿಂದೆ ಲಿಫ್ಟ್ ಮಾವ: ದೊಡ್ಡ ಆಫೀಸೊಂದರಲ್ಲಿ ಇಪ್ಪತ್ತಾರು ವರ್ಷ ಲಿಫ್ಟ್ ನಡೆಸಿದವರು, ದೊಡ್ಡ ಮನುಷ್ಯರನ್ನೆಲ್ಲ ಮೇಲಕ್ಕೂ ಕೆಳಕ್ಕೂ ಕಳಿಸಿದ ಅನುಭವ ಅವರ ಮಾತಿನಲ್ಲಿತ್ತು. ಕಿಟಕಿಯ ಬಳಿ ಬೇಕರಿಯಕ್ಕ, ಮೊಣಕೈಯವರೆಗೆ ಹಿಟ್ಟಿನ ಬಿಳುಪು ಪೂರ್ತಿ ಹೋಗದವಳು.

ಟೀಚರು ಸೊಸೆಯ ಕರವಸ್ತ್ರ ಇಸಿದುಕೊಂಡು ಹಲಗೆ ಒರೆಸಿದರು. "ಅದು ನಾನು ಕೊಟ್ಟಿದ್ದು," ಎಂದರು ಅತ್ತೆ, ಯಾರಿಗೂ ಅಲ್ಲವೆಂಬಂತೆ. "ಅದಕ್ಕೇ ಅತ್ತೆ, ಮೂಗು ಒರೆಸೋಕೆ ಮನಸ್ಸು ಬರಲ್ಲ," ಎಂದಳು ಸೊಸೆ.

"ಥೆಫ್ಟ್, ರಾಬರಿ, ಬರ್ಗ್ಲರಿ," ಎಂದು ಟೀಚರು ಬರೆದರು. "ಮೂರಕ್ಕೂ ವ್ಯತ್ಯಾಸ ಏನು?"

ಸೊಸೆ ಮನೆಯಲ್ಲಿ ಓದಿಕೊಂಡು ಬಂದಿದ್ದಳು. "ಕೇಳ್ದೆ ತಗೊಂಡ್ರೆ ಥೆಫ್ಟ್. ಹೆದರಿಸಿ ತಗೊಂಡ್ರೆ ರಾಬರಿ. ಮನೆ ಒಳಗೆ ನುಗ್ಗಿ ತಗೊಂಡ್ರೆ ಬರ್ಗ್ಲರಿ."

"ಮದುವೆಯಾಗಿ ಬಂದು ಮಗನ್ನೇ ತಗೊಂಡ್ರೆ?" ಅತ್ತೆ ಕೇಳಿದರು.

"ಅದು ಈ ಪುಸ್ತಕದಲ್ಲಿಲ್ಲ," ಎಂದರು ಟೀಚರು.

ಬೇಲ್ ಬಂತು, ವಿಟ್ನೆಸ್ ಬಂತು, ವರ್ಡಿಕ್ಟ್ ಬಂತು. ಬೀಗದಣ್ಣ ತಲೆ ತಗ್ಗಿಸಿ ಬರೆದುಕೊಳ್ಳುವವನಂತೆ ನಟಿಸಿದ. ನಟಿಸಬೇಕಾಗಿತ್ತು, ಏಕೆಂದರೆ ಐದನೇ ಪಾಠದ ತರಕಾರಿಗಳಲ್ಲಿ ಒಂದನ್ನೂ ನೆಟ್ಟಗೆ ಹೇಳಲಾರದ ಅವನಿಗೆ ಈ ಪಟ್ಟಿ ಮಾತ್ರ ಕಂಠಪಾಠ. ಜೈಲಿನಲ್ಲಿ ಪಕ್ಕದ ಹಾಸಿಗೆಯ ಮುದುಕ, ಹಿಂದೆ ಎಲ್ಲೋ ಗುಮಾಸ್ತನಾಗಿದ್ದವನು, ಬ್ರೆಡ್ ಸುತ್ತಿ ಬರುತ್ತಿದ್ದ ಕಾಗದದ ಒಳಮೈ ಮೇಲೆ ದಿನಕ್ಕೆ ಮೂರು ಪದ ಬರೆದುಕೊಡುತ್ತಿದ್ದ. ಹೀಗಾಗಿ ಬೀಗದಣ್ಣನಿಗೆ ತನ್ನ ಕೇಸು ಅರ್ಥವಾದದ್ದು ಅದು ಮುಗಿದು ವರ್ಷವಾದಮೇಲೆ, ದಿನಕ್ಕೆ ಮೂರು ಪದದಂತೆ.

"ರಿಮಾಂಡ್ ಅಂದ್ರೆ?" ಟೀಚರು ಕೇಳಿದರು. ಎಲ್ಲರೂ ಹಲಗೆಯನ್ನೇ ನೋಡಿದರು. ಬೀಗದಣ್ಣನ ನಾಲಗೆ ತಡೆಯದಾಯಿತು.

"ತೀರ್ಪಿಗೆ ಮುಂಚೆ ಒಳಗಿಡೋದು ಟೀಚರ್. ಆ ದಿನಗಳನ್ನ ಆಮೇಲೆ ಶಿಕ್ಷೆಯಲ್ಲಿ ಕಳೀತಾರೆ. ಆದ್ರೆ ತಾನಾಗೇ ಕಳೆಯಲ್ಲ, ಅರ್ಜಿ ಹಾಕ್ಬೇಕು. ನೀಲಿ ಫಾರಂ."

ಲಿಫ್ಟ್ ಮಾವ ಪುಸ್ತಕ ತಿರುವಿ ಹಾಕಿದರು. "ನೀಲಿ ಫಾರಂ ಯಾವ ಪುಟದಲ್ಲಿದೆ?"

"ಪೇಪರಲ್ಲಿ... ಎಲ್ಲೋ ಓದಿದ್ದೆ."

ಬೇಕರಿಯಕ್ಕ ಅವನನ್ನು ಒಮ್ಮೆ ನೋಡಿ ಕಿಟಕಿಯ ಕಡೆ ತಿರುಗಿದಳು.

ಪದಗಳು ಮುಗಿದವು. ಈಗ ಅವನ್ನು ಬಳಸಿ ನಾಟಕ, ಎಂದರು ಟೀಚರು. ಡಸ್ಟರ್ ಕೇಸು ಇಲ್ಲೇ ಇತ್ಯರ್ಥವಾಗಲಿ. ನ್ಯಾಯಾಧೀಶರು ಯಾರು ಎಂದು ಕೇಳುವುದರೊಳಗೆ ಲಿಫ್ಟ್ ಮಾವ ಟೀಚರ ಮೇಜಿನ ಹಿಂದೆ ಕೂತಾಗಿತ್ತು. ಆ ಕೋಣೆಯಲ್ಲಿ ದೊಡ್ಡವರ ಅಳತೆಯ ಕುರ್ಚಿ ಇದ್ದದ್ದು ಅದೊಂದೇ. ಬೇಕರಿಯಕ್ಕ ಕೋರ್ಟಿನ ಗುಮಾಸ್ತೆ. ಸೊಸೆ ಆರೋಪ ಹೊರಿಸುವ ವಕೀಲೆ. "ಹಾಗಿದ್ರೆ ನಾನು ಆ ಕಡೆ ವಕೀಲೆ," ಎಂದರು ಅತ್ತೆ, ಆರೋಪಿ ಯಾರೆಂದು ಕೇಳದೆಯೇ.

"ಆರೋಪಿ ಯಾರು?" ಟೀಚರು ಸುತ್ತ ನೋಡಿದರು.

"ಕೊನೆಗೆ ಹೋಗೋರು ಯಾರು? ಕೀ ಇರೋದು ಯಾರ ಹತ್ರ?" ಸೊಸೆ ಎದ್ದುನಿಂತು ಬೆರಳು ಚಾಚಿದಳು. "ಬೀಗದಣ್ಣ, ಇನ್ಯಾರು!"

ಎಲ್ಲರೂ ನಕ್ಕರು. ಬೀಗದಣ್ಣನೂ ನಕ್ಕ, ನಗು ಮುಖದ ಮೇಲೆ ಬಂತು, ಕೈಕಾಲಿಗೆ ತಲುಪಲಿಲ್ಲ. ಚೀಲವನ್ನು ಪಾದದಿಂದ ಕುರ್ಚಿಯಡಿಗೆ ತಳ್ಳಿ ಅವನು ಮುಂದೆ ಹೋಗಿ ನಿಂತ.

ಲಿಫ್ಟ್ ಮಾವ ಮರದ ಸ್ಕೇಲಿನಿಂದ ಮೇಜು ಕುಟ್ಟಿದರು. "ಸೈಲೆನ್ಸ್! ಕೋರ್ಟ್!"

ಬೇಕರಿಯಕ್ಕ ನೋಟ್‌ಬುಕ್ ತೆರೆದು, ಪುಸ್ತಕದಲ್ಲಿ ಇದ್ದಂತೆಯೇ ಓದಿದಳು: "ಅಕ್ಯೂಸ್ಡ್, ಸ್ಟ್ಯಾಂಡ್ ಅಪ್. ನೇಮ್?"

ನಿಂತಾಗಿತ್ತು. ಆದರೂ ಆ ನಾಲ್ಕು ಪದ ಕಿವಿಗೆ ಬಿದ್ದದ್ದೇ ತಡ, ಬೀಗದಣ್ಣನ ಮೈ ಅವನನ್ನು ಕೇಳದೆ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಕೈಗಳು ಬೆನ್ನ ಹಿಂದೆ ಹೋದವು. ಹಿಮ್ಮಡಿ ಕೂಡಿದವು. ಕಣ್ಣು ನೆಲದ ಮೂರನೇ ಹಾಸುಗಲ್ಲಿಗೆ ಇಳಿಯಿತು. ಬಾಯಿ ಹೇಳಿತು:

"ಫೋರ್ ಒನ್ ಸೆವೆನ್, ಸರ್."

ಹೇಳಿಬಿಟ್ಟಮೇಲೆ ಅವನಿಗೆ ಕೇಳಿಸಿತು. ಕೋಣೆಗೂ ಕೇಳಿಸಿತು. ಕೆಳಗಿನ ಮಹಡಿಯಲ್ಲಿ ಯಾರೋ ಪುಸ್ತಕಕ್ಕೆ ಮುದ್ರೆ ಒತ್ತುವ ಸದ್ದು, ಒಂದು, ಎರಡು, ಮೂರು. ಸೊಸೆಯ ಬೆರಳು ಗಾಳಿಯಲ್ಲೇ ನಿಂತಿತ್ತು. ಈಗ ಯಾರಾದರೂ ಕೇಳುತ್ತಾರೆ, ಎಂದುಕೊಂಡ ಅವನು. ಒಳಜೇಬಿನ ಬೀಗದಕೈ ಎದೆಗೆ ಒತ್ತುತ್ತಿತ್ತು.

ಬೇಕರಿಯಕ್ಕ ತಲೆ ಎತ್ತದೆ ಬರೆದುಕೊಂಡಳು. "ಫೋರ್, ಒನ್, ಸೆವೆನ್. ಗುಡ್." ಪೆನ್ನನ್ನು ಕಿವಿಯ ಹಿಂದೆ ಸಿಕ್ಕಿಸಿ ಸುತ್ತ ನೋಡಿದಳು. "ಏನ್ ಹಾಗೆ ಬಾಯಿಬಿಟ್ಕೊಂಡು ಕೂತಿದ್ದೀರಾ? ಕೋರ್ಟಲ್ಲಿ ಎಲ್ಲ ನಂಬರಲ್ಲೇ. ಕೇಸಿಗೆ ನಂಬರಿಲ್ವಾ? ಸಾಕ್ಷಿಗೆ ನಂಬರಿಲ್ವಾ? ಅಣ್ಣನಿಗೊಬ್ಬನಿಗೆ ಗೊತ್ತು, ನಿಮಗ್ಯಾರಿಗೂ ಗೊತ್ತಿಲ್ಲ. ನಾನು ಟೂ ಟೂ ನೈನ್. ಮುಂದಿನೋರು ಹೇಳಿ, ಬರ್ಕೋಬೇಕು."

"ಲಿಫ್ಟ್ ನಂಬರ್ ಟೂ," ಎಂದರು ನ್ಯಾಯಾಧೀಶರು, ಇಪ್ಪತ್ತಾರು ವರ್ಷದ ಅಭ್ಯಾಸಬಲದಿಂದ.

"ನನ್ನದು ಒನ್," ಎಂದರು ಅತ್ತೆ. "ನನಗಿಂತ ಮುಂದೆ ಯಾರೂ ಬರಬಾರದು."

"ಹಾಗಿದ್ರೆ ನಂದು ಜೀರೋ," ಎಂದಳು ಸೊಸೆ.

"ನೋಡಿ, ಒಪ್ಪಿಕೊಂಡಳು!"

"ಎಣಿಸೋವಾಗ ಜೀರೋ ಒನ್‌ಗಿಂತ ಮುಂಚೆ ಬರುತ್ತೆ ಅತ್ತೆ."

ಟೀಚರು ಕನ್ನಡಕ ತೆಗೆದು ಒರೆಸತೊಡಗಿದರು. ನಗುವಿಗೋ ಮತ್ತೊಂದಕ್ಕೋ ತಿಳಿಯಲಿಲ್ಲ. ಕೋಣೆ ಮತ್ತೆ ಗಲಗಲ ಎಂದಿತು. ಬೀಗದಣ್ಣ ಮೂರನೇ ಹಾಸುಗಲ್ಲಿನಿಂದ ಕಣ್ಣು ಕಿತ್ತು ಬೇಕರಿಯಕ್ಕನ ಕಡೆ ನೋಡಿದ. ಅವಳು 'ಜೀರೋ' ಎಂದು ಬರೆಯುವುದರಲ್ಲಿ ಮಗ್ನಳಾಗಿದ್ದಳು.

ಸೊಸೆ ವಕೀಲೆಯ ಗತ್ತಿನಲ್ಲಿ ಎರಡು ಹೆಜ್ಜೆ ಮುಂದೆ ಬಂದಳು. "ಡಿಡ್ ಯೂ ಟೇಕ್ ದ ಡಸ್ಟರ್?"

"ಯೆಸ್ ಸರ್," ಎಂದ ಬೀಗದಣ್ಣ.

ಪ್ರಶ್ನೆ ಪೂರ್ತಿ ಮುಗಿಯುವ ಮುಂಚೆಯೇ ಅಂದಿದ್ದ. ಈ ಎರಡು ಪದಗಳ ಕಥೆ ಹಳೆಯದು. ನಾಲ್ಕು ವರ್ಷದ ಹಿಂದೆ ಒಬ್ಬ ಅಚ್ಚುಕಟ್ಟಾದ ಬಟ್ಟೆಯ ಮನುಷ್ಯ ಅವನ ಅಂಗಡಿಗೆ ಬಂದು, ಮನೆಯ ಬೀಗದಕೈ ಕಳೆದುಹೋಗಿದೆ, ಬಂದು ತೆಗೆದುಕೊಡಿ ಎಂದಿದ್ದ. ಬೀಗದಣ್ಣ ಹೋಗಿ ತೆಗೆದ. ಮೂರು ನಿಮಿಷದ ಕೆಲಸ. ಆ ಬೀಗ ಸೊಗಸಾಗಿತ್ತು, ತೆಗೆದಾಗ ಖುಷಿಯೂ ಆಗಿತ್ತು. ಮನೆ ಆ ಮನುಷ್ಯನದಲ್ಲ. ಸಿಕ್ಕಿಬಿದ್ದವನು ಬೀಗದಣ್ಣ. ಕೋರ್ಟಿನಲ್ಲಿ ಎಲ್ಲವೂ ಇಂಗ್ಲಿಷು. ದುಭಾಷಿ ಅವತ್ತು ರಜೆ. ಅವನಿಗೆಂದು ಕೊಟ್ಟಿದ್ದ ವಕೀಲರಿಗೆ ಅದೇ ಬೆಳಗ್ಗೆ ಇನ್ನೂ ಹತ್ತು ಕೇಸಿದ್ದವು. ಅವನಿಗೆ ಬರುತ್ತಿದ್ದ ಇಂಗ್ಲಿಷು ಎರಡೇ ಪದ, ಅವು ಮರ್ಯಾದೆಯ ಪದಗಳೆಂದು ಅವನು ನಂಬಿದ್ದ. ಬೀಗ ತೆಗೆದೆಯಾ ಎಂದದ್ದಕ್ಕೂ ಅದೇ, ಮನೆ ಬೇರೆಯವರದೆಂದು ಗೊತ್ತಿತ್ತೇ ಎಂದದ್ದಕ್ಕೂ ಅದೇ, ಮತ್ತೇನಾದರೂ ಹೇಳುವುದಿದೆಯೇ ಎಂದು ನ್ಯಾಯಾಧೀಶರು ಮೂರು ಸಲ ಕೇಳಿದ್ದಕ್ಕೂ ಅದೇ. ಹೇಳುವುದಿದೆ ಎಂದವನು ಏನೂ ಹೇಳದೆ ನಿಂತದ್ದನ್ನು ಕಂಡು ಅವರು ಪಾಪ ಸ್ವಲ್ಪ ಹೊತ್ತು ಕಾದರು ಕೂಡ. ಅವರು ಏನು ಕೇಳಿದ್ದರೆಂದು ಅವನಿಗೆ ತಿಳಿದದ್ದು ಬ್ರೆಡ್ ಕಾಗದದ ಮೇಲೆ.

"ಒಪ್ಪಿಕೊಂಡ! ಗಿಲ್ಟಿ!" ಲಿಫ್ಟ್ ಮಾವ ಸ್ಕೇಲಿನಿಂದ ಕುಟ್ಟಿದರು. ಅವರಿಗೆ ತೀರ್ಪು ಹೇಳಲು ಆತುರ. ಅದಕ್ಕೆಂದೇ ಆ ಕುರ್ಚಿಗೆ ಬಂದಿದ್ದರು. "ಕೇಸ್ ಫಿನಿಶ್. ಸೆಂಟೆನ್ಸ್..."

"ಏ, ಏ, ನಿಲ್ಸಿ!" ಅತ್ತೆ ಕುರ್ಚಿಯಿಂದ ಎದ್ದರು. ಕುರ್ಚಿಯೂ ಅವರೊಂದಿಗೆ ಒಂದಿಷ್ಟು ಎದ್ದು ಆಮೇಲೆ ಬಿತ್ತು. "ಇದ್ಯಾವ ಸೀಮೆ ಕೋರ್ಟು ರೀ? ನಾನು ಇನ್ನೂ ಬಾಯೇ ಬಿಟ್ಟಿಲ್ಲ!"

"ಆರೋಪಿ ಯೆಸ್ ಅಂದಮೇಲೆ ಇನ್ನೇನಿದೆ ಅಮ್ಮ?"

"ಯೆಸ್ ಅಂದ್ರೆ ಮುಗೀತಾ? ಈ ಹುಡುಗಿ ದಿನಕ್ಕೆ ನೂರು ಸಲ ನನಗೆ ಹೂಂ ಅತ್ತೆ ಹೂಂ ಅತ್ತೆ ಅಂತಾಳೆ, ಅದೆಲ್ಲ ಹೂಂ ಆಯ್ತಾ? ತಗೊಂಡಿದ್ದು ಸರಿ. ಯಾಕೆ ತಗೊಂಡ ಅಂತ ಕೇಳೋದು ಬೇಡ್ವಾ?" ಅವರು ಬೀಗದಣ್ಣನ ಎದುರು ಬಂದು, ತಲೆ ಎತ್ತಿ, ತಮ್ಮ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿದರು. "ವೈ? ಯೂ ಟೆಲ್. ಸ್ಲೋಲಿ." ಆಮೇಲೆ ಕನ್ನಡದಲ್ಲಿ, ದನಿ ತಗ್ಗಿಸಿ, "ನಿಧಾನಕ್ಕೆ ಹೇಳಪ್ಪ. ನಾನಿದ್ದೀನಿ."

ಬೀಗದಣ್ಣನಿಗೆ ನಾಟಕವೆಂದು ಗೊತ್ತಿತ್ತು. ಅತ್ತೆಯ ನಿಜವಾದ ಗುರಿ ಸೊಸೆಯನ್ನು ಸೋಲಿಸುವುದೆಂದೂ ಗೊತ್ತಿತ್ತು. ಆದರೂ ತನಗೆ ತಿಳಿಯುವ ಹಾಗೆ ಯಾರಾದರೂ ಯಾಕೆ ಎಂದು ಕೇಳಿ, ಉತ್ತರಕ್ಕೆ ಕಾದು ನಿಂತದ್ದು ಇದೇ ಮೊದಲು. ಹೇಳಬೇಕಾದ ಪದಗಳೂ ಈಗ ಇದ್ದವು.

"ಐ ಟೇಕ್," ಎಂದ. ಟೀಚರ ಹುಬ್ಬು ಏರಿದ್ದು ಕಂಡು ತಿದ್ದಿಕೊಂಡ. "ಐ ಟುಕ್ ದ ಡಸ್ಟರ್. ಇಟ್ ವಾಸ್ ಬ್ರೋಕನ್. ಐ ರಿಪೇರ್. ಐ ಬ್ರಿಂಗ್ ಬ್ಯಾಕ್ ಟುಡೇ. ಐ ಯಾಮ್ ಲೇಟ್. ದೆನ್ ಐ ವಾಸ್ ಅಫ್ರೇಡ್." ಹೋಗಿ ಕುರ್ಚಿಯಡಿಯಿಂದ ಚೀಲ ಎಳೆದು, ಪೊಟ್ಟಣ ಬಿಚ್ಚಿ, ನ್ಯಾಯಾಧೀಶರ ಮುಂದೆ ಇಟ್ಟ. "ಎವಿಡೆನ್ಸ್."

ಎಲ್ಲರೂ ಮೇಜಿನ ಸುತ್ತ ಬಗ್ಗಿದರು. ಮರ ಹೊಳೆಯುತ್ತಿತ್ತು, ಸ್ಕ್ರೂಗಳ ತಲೆಗಳು ಮರದೊಳಗೆ ಸಮವಾಗಿ ಕೂತಿದ್ದವು, ಉಣ್ಣೆ ಎರಡು ಬೆರಳು ದಪ್ಪ. ಲಿಫ್ಟ್ ಮಾವ ಅದನ್ನು ತಿರುಗಿಸಿ ನೋಡಿ, "ಕೆಲಸ ಅಂದ್ರೆ ಇದು," ಎಂದರು, ತಾವು ನ್ಯಾಯಾಧೀಶರೆಂಬುದನ್ನು ಮರೆತು.

"ಇಷ್ಟಕ್ಕೆ ಹೆದರಿದ್ಯಾ ಅಣ್ಣ?" ಸೊಸೆ ಕೇಳಿದಳು. "ಬಂದ ತಕ್ಷಣ ಹೇಳೋದಲ್ವಾ? ನಾನು ಸುಮ್ನೆ ಕಳ್ಳ ಗಿಳ್ಳ ಅಂದ್ಬಿಟ್ಟೆನಲ್ಲ."

ಇಲ್ಲಿ ಅವನು ನಕ್ಕು ಕೂತುಬಿಡಬಹುದಿತ್ತು. ಕೇಸು ಅವನ ಕಡೆ ತಿರುಗಿತ್ತು. ನಂಬರಿನ ಮಾತನ್ನು ಬೇಕರಿಯಕ್ಕ ಅಷ್ಟು ಚೆನ್ನಾಗಿ ಮುಚ್ಚಿದ್ದಳು. ಒಳಜೇಬಿನ ಬೀಗದಕೈ ಅಲ್ಲೇ ಇರುತ್ತಿತ್ತು. ಆದರೆ ಬಾಯಿ ಈಗಷ್ಟೇ ತೆರೆದಿತ್ತು. ಒಮ್ಮೆ ತೆಗೆದ ಬೀಗವನ್ನು ಎಣ್ಣೆ ಹಾಕದೆ ಹಾಗೇ ಮುಚ್ಚುವುದು ಅವನ ಕಸುಬಿಗೆ ಒಗ್ಗುವುದಿಲ್ಲ.

"ಒನ್ ಥಿಂಗ್ ಮೋರ್," ಎಂದ. ಅಷ್ಟಕ್ಕೇ ಇಂಗ್ಲಿಷು ಮುಗಿಯಿತು. ಉಳಿದದ್ದನ್ನು ತನ್ನ ಮಾತಿನಲ್ಲೇ ಹೇಳಿದ. "ನಾನು ನಿಜವಾದ ಕೋರ್ಟಲ್ಲೂ ನಿಂತಿದ್ದೆ. ಗೊತ್ತಿಲ್ದೆ ಬೇರೆಯವರ ಮನೆ ಬೀಗ ತೆಗೆದುಕೊಟ್ಟೆ. ಎಲ್ಲದಕ್ಕೂ ಯೆಸ್ ಸರ್ ಅಂದೆ. ಹದಿನೆಂಟು ತಿಂಗಳು. ಆ ನಂಬರು ಅಲ್ಲೀದು. ಕೀ ಟೇಬಲ್ ಮೇಲೆ ಇಡ್ತೀನಿ, ಟೀಚರ್."

ಇಟ್ಟ. ಡಸ್ಟರಿನ ಪಕ್ಕದಲ್ಲಿ ಅದು ಬಹಳ ಚಿಕ್ಕದಾಗಿ ಕಂಡಿತು.

ಮೊದಲು ಬಾಯಿ ಬಿಟ್ಟವರು ಅತ್ತೆ. ಅವರು ತಿರುಗಿದ್ದು ನ್ಯಾಯಾಧೀಶರ ಕಡೆ.

"ಕೇಳಿದ್ರಾ? ನಾನು ಹೇಳ್ಲಿಲ್ವಾ? ಯಾಕೆ ಅಂತ ಕೇಳ್ಬೇಕು ಅಂತ!"

"ಕೇಳಿದೆ ಅಮ್ಮ," ಎಂದರು ಲಿಫ್ಟ್ ಮಾವ. ಅವರ ದನಿ ಏಕೋ ಚಿಕ್ಕದಾಗಿತ್ತು. ಸ್ಕೇಲನ್ನು ಕುಟ್ಟದೆ ಮೆಲ್ಲಗೆ ಮೇಜಿನ ಮೇಲೆ ಮಲಗಿಸಿದರು. "ನಾನು ಆತುರ ಮಾಡ್ದೆ. ತಪ್ಪಾಯ್ತು."

"ಅತ್ತೆ," ಸೊಸೆ ಮೆಲ್ಲನೆ ಹೇಳಿದಳು, "ಈ ಕೇಸು ನೀವೇ ಗೆದ್ರಿ."

"ಗೆದ್ದೆ, ಅಲ್ವಾ?" ಎಂದರು ಅತ್ತೆ. ಜೀವನದಲ್ಲಿ ಮೊದಲ ಸಲ ಸೊಸೆ ಸೋಲೊಪ್ಪಿದ್ದರೂ ಅವರು ಅದನ್ನು ಅನುಭವಿಸಲು ನಿಲ್ಲಲಿಲ್ಲ. ಬೀಗದಣ್ಣನ ತೋಳು ಹಿಡಿದು ಕುರ್ಚಿಯ ಮೇಲೆ ಕೂರಿಸಿದರು, ಹಳದಿ ಕುರ್ಚಿಯ ಮೇಲೆ, ಮಂಡಿ ಗದ್ದಕ್ಕೆ ತಾಗುವಂತೆ.

"ತೀರ್ಪು ಇನ್ನೂ ಬಾಕಿ," ಎಂದರು ಟೀಚರು. ಹಲಗೆಯ ಬಳಿ ಹೋಗಿ ಹೊಸ ಡಸ್ಟರಿನಿಂದ ಒಂದು ಎಳೆತ ಎಳೆದರು. ಥೆಫ್ಟ್, ರಾಬರಿ, ಬರ್ಗ್ಲರಿ ಮೂರೂ ಒಂದೇ ಸಲಕ್ಕೆ ಹೋದವು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಹಲಗೆ ಕಪ್ಪಾಗಿ ಕಂಡಿತು. "ಪುಸ್ತಕದ ಪದಗಳಲ್ಲೇ ಹೇಳ್ಬೇಕು, ನ್ಯಾಯಾಧೀಶರೇ."

ಲಿಫ್ಟ್ ಮಾವ ಬಹಳ ಹೊತ್ತು ಪುಟ ನೋಡಿದರು. "ಡಸ್ಟರ್ ಥೆಫ್ಟ್: ನಾಟ್ ಗಿಲ್ಟಿ. ಹೇಳದೆ ಒಯ್ದದ್ದು: ಗಿಲ್ಟಿ. ಸೆಂಟೆನ್ಸ್, ಕಮ್ಯುನಿಟಿ ಸರ್ವಿಸ್. ಕೆಳಗಿನ ಟಾಯ್ಲೆಟ್ ಚಿಲಕ ಆರು ತಿಂಗಳಿಂದ ಕೂರ್ತಿಲ್ಲ. ನಾನು ಒಂದು ಕಾಲಲ್ಲಿ ಬಾಗಿಲು ಒತ್ತಿ ಹಿಡ್ಕೊಂಡು... ಅದನ್ನ ರಿಪೇರಿ ಮಾಡ್ಬೇಕು. ಕೋರ್ಟ್ ಮುಗೀತು."

"ಅಪೀಲ್ ಇದೆಯಾ?" ಬೇಕರಿಯಕ್ಕ ಕೇಳಿದಳು, ಪೆನ್ನು ಹಿಡಿದು.

ಬೀಗದಣ್ಣ ತಲೆಯಾಡಿಸಿದ. "ನೋ ಅಪೀಲ್," ಎಂದ.

ಐದು ಗಂಟೆಗೆ ಪಾಠ ಮುಗಿಯಿತು. ಅತ್ತೆ ಸೊಸೆ ಮೆಟ್ಟಿಲಿಳಿಯುತ್ತ, ಗೆದ್ದ ವಕೀಲೆಗೆ ಮನೆಯಲ್ಲಿ ಟೀ ಯಾರು ಮಾಡಬೇಕು ಎಂಬ ವಾದ ಶುರುಮಾಡಿದ್ದರು. ಟೀಚರು ಚೀಲ ಹೆಗಲಿಗೇರಿಸಿ, ಮಂಡಿ ಹಿಡಿದುಕೊಂಡು, ಬಾಗಿಲವರೆಗೆ ಹೋಗಿ, ಎಂದಿನಂತೆ ತಿರುಗಿ ನೋಡದೆ ಅಂದರು: "ಕಿಟಕಿ ಮುಚ್ಚಿ ಬೀಗ ಹಾಕ್ಬಿಡಿ ಮಾರಾಯ್ರೇ. ಕೀ ಟೇಬಲ್ ಮೇಲೇ ಮರೆತಿದ್ದೀರಿ."

ಅವನು ಕೀ ತೆಗೆದುಕೊಂಡ. "ಟೀಚರ್, ನಿಮಗೆ ಮೊದಲೇ..."

"ಉತ್ತರ ರಸ್ತೆಯಲ್ಲಿ ಇರೋದು ಒಂದೇ ಕಟ್ಟಡ," ಎಂದರು ಟೀಚರು. "ಅದರ ಗೋಡೆ ಅರ್ಧ ಮೈಲಿ ಇದೆ. ಊರಿಗೆಲ್ಲ ಗೊತ್ತಿರೋ ವಿಳಾಸ ಬರೆದು ಗುಟ್ಟು ಅಂದ್ಕೊಂಡ್ರಲ್ಲ!" ಕೆಳಗಿಳಿಯುತ್ತ, ಮೆಟ್ಟಿಲಿಗೊಂದು ಪದದಂತೆ ಸೇರಿಸಿದರು: "ಐ ರಿಪೇರ್ ಅಲ್ಲ. ಐ ರಿಪೇರ್ಡ್. ಮನೆಯಲ್ಲಿ ಹತ್ತು ಸಲ ಬರೆದುಕೊಂಡು ಬನ್ನಿ."

ಅಂದರೆ ಫಾರಂ ಓದಿದ್ದು ಮೊದಲು, ಕೀ ಕೊಟ್ಟದ್ದು ಆಮೇಲೆ. ಬೀಗದಣ್ಣ ಆ ಎರಡು ವಾರಗಳನ್ನು ಮನಸ್ಸಿನಲ್ಲಿ ಒಂದರ ಪಕ್ಕ ಒಂದು ಇಟ್ಟು ನೋಡಿದ. ಇಷ್ಟು ದಿನ ಎದೆಯ ಮೇಲೆ ಇಟ್ಟುಕೊಂಡು ತಿರುಗಿದ್ದು ಏನನ್ನು ಎಂದು ಅವನಿಗೆ ಈಗ ಗೊತ್ತಾಯಿತು. ಕಿಟಕಿಯ ಚಿಲಕ ಹಾಕಲು ಅವನಿಗೆ ಎಂದಿಗಿಂತ ಹೆಚ್ಚು ಹೊತ್ತು ಹಿಡಿಯಿತು.

ಹೊರಗೆ ಮೆಟ್ಟಿಲ ಮೇಲೆ ಬೇಕರಿಯಕ್ಕ ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಕಾದಿದ್ದಳು.

"ಅಕ್ಕ, ಆ ನಂಬರು ನಿಮಗೆ ಹೇಗೆ..."

"ವಾರಕ್ಕೆರಡು ಸಲ ಆ ಗೇಟಿನ ಹತ್ರ ವ್ಯಾನು ನಿಲ್ಸಿ ಬ್ರೆಡ್ ಇಳಿಸ್ತೀನಿ, ಐದು ವರ್ಷದಿಂದ. ಅಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯಲ್ಲ. ಹೊತ್ಕೊಂಡು ಹೋಗೋಕೆ ಬರೋರು ಕೈ ಹಿಂದೆ ಕಟ್ಕೊಂಡು ನಿಲ್ತಾರೆ, ನಿನ್ನ ಹಾಗೇ." ಅವಳು ಚಪ್ಪಲಿಯಿಂದ ಕಣ್ಣೆತ್ತಲಿಲ್ಲ. "ಇನ್ನೊಂದು ಸಲ ಹಾಗೆ ನಿಂತ್ಕೋಬೇಡ. ಬೆನ್ನು ಗೂನಾಗುತ್ತೆ."

"ಅಕ್ಕ, ನಿಮ್ಮ ಬ್ರೆಡ್ಡಿನ ಕಾಗದದ ಮೇಲೇ ನಾನು ಇಂಗ್ಲಿಷ್ ಕಲಿತದ್ದು. ಇವತ್ತಿನ ಪದ ಅಷ್ಟೂ."

ಬೇಕರಿಯಕ್ಕ ಇದನ್ನು ನಿರೀಕ್ಷಿಸಿರಲಿಲ್ಲ. ಚಪ್ಪಲಿಯಿಂದ ಕಣ್ಣೆತ್ತಿ ನೋಡಿದಳು. "ಕಾಗದ ಚೆನ್ನಾಗಿತ್ತಾ?"

"ಬಹಳ ಚೆನ್ನಾಗಿತ್ತು. ಶಾಯಿ ಹರಡ್ತಾ ಇರ್ಲಿಲ್ಲ."

"ಬ್ರೆಡ್ ಬಗ್ಗೆ ನಾನು ಕೇಳಲ್ಲ."

"ಕೇಳ್ಬೇಡಿ ಅಕ್ಕ," ಎಂದ ಬೀಗದಣ್ಣ. ಇಬ್ಬರೂ ನಕ್ಕರು. ಈ ಸಲ ನಗು ಅವನ ಕೈಕಾಲಿಗೂ ತಲುಪಿತು. ಬೀಗದಲ್ಲಿ ಕೀ ತಿರುಗಿಸಿ ಅದನ್ನು ಒಳಜೇಬಿಗೆ ಇಟ್ಟುಕೊಂಡ. ಹೇಳಬೇಕಾದ ಪದ ಮೊದಲನೇ ಪಾಠದ್ದು, ಎಲ್ಲಕ್ಕಿಂತ ಸುಲಭದ್ದು. ಅದನ್ನು ಅವನು ಇಂಗ್ಲಿಷಿನಲ್ಲೂ ಹೇಳಿದ, ತನ್ನ ಭಾಷೆಯಲ್ಲೂ ಹೇಳಿದ. ಬೇಕರಿಯಕ್ಕ ಎರಡನ್ನೂ ಕೈಬೀಸಿ ತಳ್ಳಿಹಾಕಿ ಮೆಟ್ಟಿಲಿಳಿದಳು.

ಮನೆಯಲ್ಲಿ ಅಕ್ಕ ಕೇಳಿದಳು: "ಏನಾಯ್ತು ನಿನ್ನ ಆಶ್ಚ‍ರ್ಯ?"

"ಆಯ್ತು," ಎಂದ. "ನನಗೆ."

ಮುಂದಿನ ಶನಿವಾರ ಟಾಯ್ಲೆಟ್ಟಿನ ಚಿಲಕ ರಿಪೇರಿಯಾಯಿತು. ಡಸ್ಟರ್ ಈಗ ಚೆನ್ನಾಗಿ ಒರೆಸುತ್ತದೆ.